ಉಪ್ಪುಗೈಯವನ ತಂತಿಗಳು

ಅವನು ಅಂಗಡಿಗೆ ಕಾಲಿಟ್ಟಿದ್ದೇ ಜಗಳಕ್ಕೆ. ಬೆನ್ನಿಗೆ ಬೇಸ್ ಗಿಟಾರಿನ ಚೀಲ, ಮುಖದ ತುಂಬ ಸಿಡುಕು. ಕೌಂಟರಿನಲ್ಲಿದ್ದ ಮಾಲೀಕರು ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿರುವಾಗಲೇ ಚೀಲದ ಜಿಪ್ ಎಳೆದು, ಗಿಟಾರನ್ನು ಗಾಜಿನ ಮೇಲೆ ಮಲಗಿಸಿ, "ನಕಲಿ ತಂತಿ ಮಾರ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದ.

ಮಾಲೀಕರು ಜಗಳದ ಮನುಷ್ಯರಲ್ಲ. ಆ ಅಂಗಡಿಯಲ್ಲಿ ಜಗಳವೆಲ್ಲ ಹಿಂದಿನ ಕೋಣೆಗೆ ಸೇರಿದ್ದು. "ಅಮ್ಮಾ, ನಿನಗ್ಯಾರೋ ಬಂದಿದ್ದಾರೆ ನೋಡು," ಎಂದು ಒಳಗೆ ಕೂಗಿ, ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದರು.

ಹಿಂದಿನ ಕೋಣೆಯಿಂದ ಬಂದವಳು ಅವರ ಸೋದರ ಸೊಸೆ, ವಾದ್ಯ ರಿಪೇರಿಯವಳು. ಅಲ್ಲಿಗೆ ಬರುವ ವಾದ್ಯಗಾರರೆಲ್ಲ ಅವಳನ್ನು ಸ್ಪಿರಿಟಮ್ಮ ಎನ್ನುತ್ತಿದ್ದರು. ದಿನವಿಡೀ ತಂತಿಗಳನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸುವವಳ ಮೈಯಿಂದ ಇನ್ನೇನು ಸೆಂಟಿನ ಪರಿಮಳ ಬಂದೀತೇ? ಕೂದಲು ಮೇಲೆತ್ತಿ ಪೆನ್ಸಿಲ್ ಚುಚ್ಚಿದ್ದಳು. ನಾಲಿಗೆ ಆ ಪೆನ್ಸಿಲಿಗಿಂತ ಚೂಪು.

ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದಳು. ದಿಂಬಿಗೆ ಗುದ್ದಿದ ಹಾಗೆ ಧಬ್ ಎಂದಿತು.

"ನುಡಿಸಿದ ಮೇಲೆ ಒರೆಸ್ತೀರಾ?"

"ಏನನ್ನ? ತಂತೀನಾ?"

ಸ್ನಾನ ಯಾಕೆ ಮಾಡಬೇಕು ಎಂದು ಕೇಳಿದವನನ್ನು ನೋಡುವ ಹಾಗೆ ಅವನನ್ನು ನೋಡಿದಳು. "ಆ ವಾಚ್ ಬಿಚ್ಚಿ."

"ವಾಚ್ ಯಾಕೆ?"

"ಬಿಚ್ಚಿ ಅಂದ್ರೆ ಬಿಚ್ಚಿ."

ಬಿಚ್ಚಿ ಕೊಟ್ಟ. ವಾಚಿನ ಹಿಂಬದಿ ಹುಳು ತಿಂದಂತಾಗಿತ್ತು, ಪಟ್ಟಿಯ ಬಕಲ್ ಹಸಿರುಗಟ್ಟಿತ್ತು. ಅವಳು ಅದನ್ನು ಅವನ ಕಣ್ಣೆದುರು ಹಿಡಿದಳು.

"ತಂತಿ ನಕಲಿ ಅಲ್ಲ ಸ್ವಾಮಿ, ನಿಮ್ಮ ಬೆವರು ಅಸಲಿ. ಇಂಥ ಉಪ್ಪುಗೈ ನಾನು ನೋಡೇ ಇಲ್ಲ. ಚಿನ್ನದ ತಂತಿ ಹಾಕಿದ್ರೂ ಎರಡು ವಾರಕ್ಕೆ ತಿಂದುಹಾಕ್ತೀರಿ."

ಪೇಪರಿನ ಹಿಂದೆ ಮಾಲೀಕರು ಕಿಸಕ್ಕೆಂದರು. ಜಗಳಕ್ಕೆಂದು ಬಂದವನ ಮುಖದ ಸಿಡುಕು ಎಲ್ಲಿ ಹೋಯಿತೋ, ಕಿವಿ ಮಾತ್ರ ಕೆಂಪಗಾಯಿತು. ಆವತ್ತು ಅವನು ಗಿಟಾರ್ ಎತ್ತಿಕೊಂಡು ಹೊರಟುಹೋಗಿದ್ದರೆ ಇಬ್ಬರೂ ನೆಮ್ಮದಿಯಾಗಿ ಇರುತ್ತಿದ್ದರು. ಹೋಗಲಿಲ್ಲ ಪುಣ್ಯಾತ್ಮ, ಸ್ಟೂಲ್ ಎಳೆದುಕೊಂಡು ಕೂತುಬಿಟ್ಟ.

ಬೇಸ್ ಗಿಟಾರಿನ ತಂತಿ ನೋಡಲಿಕ್ಕೆ ಒಂದೇ ಎಳೆ, ಆದರೆ ಹಾಗಲ್ಲ. ಒಳಗೊಂದು ಉಕ್ಕಿನ ಎಳೆ, ಅದರ ಮೈತುಂಬ ಬಿಗಿಯಾಗಿ ಸುತ್ತಿದ ಇನ್ನೊಂದು ಎಳೆ. ಆ ಸುತ್ತುಗಳ ಸಂದಿಯಲ್ಲಿ ಬೆವರು, ಸತ್ತ ಚರ್ಮ, ಧೂಳು ಹೋಗಿ ಕೂತರೆ ದನಿ ಕಟ್ಟಿಕೊಳ್ಳುತ್ತದೆ. ಅವಳು ಗಿಟಾರಿನ ಕುತ್ತಿಗೆಯ ತುದಿಯಲ್ಲಿರುವ ಬಿರಡೆ ಸಡಿಲಿಸಿ, ಒಂದೊಂದೇ ತಂತಿಯನ್ನು ಎಲ್ಲೂ ಮುರಿಯದಂತೆ ಬಿಡಿಸಿ, ಸ್ಪಿರಿಟ್ ತುಂಬಿದ ಉದ್ದನೆಯ ಪೈಪಿನೊಳಗೆ ಇಳಿಸಿ ಮುಚ್ಚಳ ಹಾಕಿದಳು.

"ಕುದಿಯೋ ನೀರಿಗೆ ಹಾಕಿದ್ರೆ ಸಾಕು ಅಂತ ನಮ್ಮ ಬ್ಯಾಂಡಿನ ಡ್ರಮ್ಮರ್ ಹೇಳ್ದ," ಎಂದ ಅವನು.

"ಮೊದಲು ನಿಮ್ಮ ಡ್ರಮ್ಮರನ್ನ ಕುದಿಸಿ. ನೀರು ಒಳಗೆ ಉಳಿದು ತುಕ್ಕು ಹಿಡಿಯುತ್ತೆ. ಸ್ಪಿರಿಟ್ ಆದ್ರೆ ಆರಿಹೋಗುತ್ತೆ."

ಮಾರನೆಯ ದಿನ ಅವನು ಬಂದಾಗ ಪೈಪಿನಿಂದ ಗಾಜಿನ ಲೋಟಕ್ಕೆ ಸ್ಪಿರಿಟ್ ಸುರಿದು ತೋರಿಸಿದಳು. ನೀರಿನಂತಿದ್ದದ್ದು ಕಡುಕಂದು ಬಣ್ಣಕ್ಕೆ ತಿರುಗಿತ್ತು.

"ನೋಡಿ, ಇದೆಲ್ಲ ನೀವೇ."

"ಛೀ!" ಎಂದು ಮೂಗು ಮುಚ್ಚಿಕೊಂಡ. ಆಮೇಲೆ ಲೋಟದ ಮೇಲಿಂದ ಅವಳ ಕಡೆ ನೋಡಿದ. "ಇಷ್ಟು ಹತ್ತಿರದಿಂದ ನನ್ನನ್ನ ಯಾರೂ ನೋಡಿಲ್ಲ."

ಚೂಪು ನಾಲಿಗೆಯವಳು ಬಟ್ಟೆ ತಗೊಂಡು, ಆಗಲೇ ಒರೆಸಿಟ್ಟಿದ್ದ ತಂತಿಯನ್ನು ಮತ್ತೊಮ್ಮೆ ಒರೆಸಿದಳು.

ಒರೆಸುವುದನ್ನೂ ಅವನಿಗೆ ಕಲಿಸಿದಳು. ನುಡಿಸಿದ ಕೂಡಲೇ ಬಟ್ಟೆಯಲ್ಲಿ ತಂತಿಯನ್ನು ಚಿವುಟಿ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆಯಬೇಕು, ಮೇಲೆ ಮಾತ್ರ ಅಲ್ಲ, ಅಡಿಯಲ್ಲೂ. ನುಡಿಸುವ ಮೊದಲು ಕೈ ತೊಳೆಯಬೇಕು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಮನೆಗೆ ಹೋಗಿ ಏನನ್ನೂ ಮಾಡಲಿಲ್ಲ. ಮಾಡಿದರೆ ತಂತಿ ಚೆನ್ನಾಗಿರುತ್ತದೆ, ತಂತಿ ಚೆನ್ನಾಗಿದ್ದರೆ ಅಂಗಡಿಗೆ ಬರಲು ನೆಪ ಎಲ್ಲಿ?

ಹೀಗೆ ವಾರ ವಾರವೂ ಬಂದ. 'ನೀವು' ಎನ್ನುವುದು ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಮಾಲೀಕರಿಗೆ ತಿಳಿಯಿತು. ಅವರು ಪೇಪರಿನ ಪುಟ ತಿರುವುತ್ತಾ, "ಈ ಹುಡುಗನ ತಂತಿ ಬಹಳ ಸೂಕ್ಷ್ಮ ಕಣಮ್ಮ, ಆರೈಕೆ ಜಾಸ್ತಿ ಬೇಕು," ಎಂದು ಕಾಲೆಳೆದರು.

ಅವಳು ತಂತಿ ನೋಡಿಯೇ ಅವನ ವಾರವನ್ನು ಹೇಳುತ್ತಿದ್ದಳು. ತಂತಿಯ ಅಡಿಯಲ್ಲಿ, ಗಿಟಾರಿನ ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಫ್ರೆಟ್ಟಿನ ಪಟ್ಟಿ ಒತ್ತಿದ ಗುರುತು ಇರುತ್ತದಲ್ಲ, ಅದರಿಂದ ಎಡಗೈ ಬೆರಳು ಎಲ್ಲಿ ನಿಂತಿತ್ತು, ಎಷ್ಟು ಬಲವಾಗಿ ಅದುಮಿತ್ತು ಎಂಬುದು ಗೊತ್ತಾಗುತ್ತಿತ್ತು.

"ಯಾರ ಮೇಲೋ ಸಿಟ್ಟು ಬಂದಿತ್ತಲ್ಲ?"

"ಹೆಂಗೆ ಗೊತ್ತು?"

"ಈ ಮೂಲೇಲಿ ನೋಡು, ಗೋಡೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದೀಯ."

"ಡ್ರಮ್ಮರ್ ತಾಳ ತಪ್ಪಿದ."

"ಅವನನ್ನ ಕುದಿಸು ಅಂತ ಅವತ್ತೇ ಹೇಳಿದ್ದೆ."

ಅವನು ನಗುವಾಗ ಮೊದಲು ಕಣ್ಣು ಕಿರಿದಾಗುತ್ತಿತ್ತು, ತುಟಿ ಆಮೇಲೆ. ಆ ನಡುವಿನ ಒಂದು ಚೂರು ಹೊತ್ತಿಗಾಗಿ ಅವಳು ಇಡೀ ವಾರ ಕಾಯುತ್ತಿದ್ದಳು. ಕಾಯುತ್ತಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಳ್ಳಲಿಕ್ಕೆ ಮಾತ್ರ ಬಹಳ ದಿನ ಹಿಡಿಯಿತು.

ಒಂದು ಮಧ್ಯಾಹ್ನ, ಅವಳು ಬಿರಡೆ ತಿರುಗಿಸುತ್ತಿರುವಾಗ, ಅವನು ಪೀಠಿಕೆಯೇ ಇಲ್ಲದೆ ಕೇಳಿದ: "ನನ್ನನ್ನ ಮದುವೆ ಆಗ್ತೀಯಾ?"

ಬಿರಡೆ ಜಾಸ್ತಿ ತಿರುಗಿ ತಂತಿ ಕಿರುಗುಟ್ಟಿತು.

"ಕೇಳೋ ಹೊತ್ತಾ ಇದು? ತಂತಿ ಕಡಿದು ಕಣ್ಣಿಗೆ ಬಡಿದಿದ್ರೆ?"

"ಕಣ್ಣಿಲ್ಲದವಳಾಗಿದ್ರೆ ನೀನು ತಕ್ಷಣ ಒಪ್ಕೋತಿದ್ದೆ. ನೋಡೋಕೆ ನಾನೇನು ಅಷ್ಟು ಚೆನ್ನಾಗಿಲ್ಲ."

ನಕ್ಕಳು. ನಕ್ಕರೂ ಹೂಂ ಎನ್ನಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳಿಗೆ ಒಬ್ಬನೊಂದಿಗೆ ಮದುವೆ ನಿಶ್ಚಯವಾಗಿತ್ತು. ಅವನಿಗೆ ಇನ್ನೊಬ್ಬಳಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು, ಇವಳೊಬ್ಬಳಿಗೆ ಬಿಟ್ಟು. ಕೇಳಿದಾಗಲೆಲ್ಲ ಅವನು ತಲೆ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದ. ಆಮೇಲಿಂದ ಇವಳಿಗೆ ಮನುಷ್ಯರ ಬಾಯಿಯ ಮೇಲೆ ನಂಬಿಕೆ ಹೋಗಿತ್ತು. ಬಾಯಿ ಏನು ಬೇಕಾದರೂ ಹೇಳುತ್ತದೆ, ತಂತಿ ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದಳು.

"ಯೋಚಿಸಿ ಹೇಳ್ತೀನಿ," ಎಂದಳು.

"ಯೋಚಿಸು. ಆದ್ರೆ ಸ್ಪಿರಿಟಲ್ಲಿ ನೆನೆಹಾಕಬೇಡ, ಇದ್ದಬದ್ದ ಪ್ರೀತಿ ಬಣ್ಣ ಬಿಟ್ಟೀತು."

ಆಮೇಲೆ ಅವನು ಬರುವುದು ಕಡಿಮೆಯಾಯಿತು. ಫೋನು ಮಾಡಿದರೆ, "ರಿಹರ್ಸಲ್ ಜಾಸ್ತಿ," ಎನ್ನುತ್ತಿದ್ದ. ದನಿಯಲ್ಲಿ ಜೀವವಿರುತ್ತಿರಲಿಲ್ಲ. ಒಂದು ಸಲ ಬಂದವನು ಟೀ ಲೋಟ ಕೈಜಾರಿಸಿ ಒಡೆದ. "ಎಲ್ಲಿದೆ ನಿನ್ನ ಧ್ಯಾನ?" ಎಂದು ಅವಳು ರೇಗಿಸಿದರೆ ನಗಲೂ ಇಲ್ಲ. ಅವಳಿಗೆ ಭಯವಾಯಿತು. ತಾನು ತಡ ಮಾಡಿದ್ದಕ್ಕೆ ಮುನಿಸಿಕೊಂಡಿದ್ದಾನೆ ಎಂದುಕೊಂಡಳು. ಆ ರಾತ್ರಿಯೇ ಮನಸ್ಸು ಗಟ್ಟಿ ಮಾಡಿ, ಹೂಂ ಎಂದುಬಿಡುವುದು ಎಂದು ತೀರ್ಮಾನಿಸಿದಳು. ಹಾಗೆ ತೀರ್ಮಾನಿಸಿದ ಮೇಲೆ ಮೈಯೆಲ್ಲ ಹಗುರಾಯಿತು, ಒಬ್ಬಳೇ ಕೋಣೆಯಲ್ಲಿ ನಕ್ಕಳು.

ಮುಂದಿನ ವಾರ ಅವಳು ಹೊಸ ಬಟ್ಟೆ ಹಾಕಿಕೊಂಡು ಅಂಗಡಿಗೆ ಬರುವಷ್ಟರಲ್ಲಿ ಅವನ ಬೇಸ್ ಗಿಟಾರ್ ಅವಳ ಕೆಲಸದ ಬೆಂಚಿನ ಮೇಲಿತ್ತು.

"ಬೆಳಗ್ಗೇನೇ ಬಂದು ಇಟ್ಟುಹೋದ," ಎಂದರು ಮಾಲೀಕರು. "ತಂತಿ ನೋಡೋಕೆ ಹೇಳಿ, ಸಂಜೆ ಬರ್ತೀನಿ, ಮಾತಾಡೋದಿದೆ ಅಂದ. ಮುಖ ಮಾತ್ರ ಪರೀಕ್ಷೆ ಫೇಲಾದವನ ಹಾಗಿತ್ತಪ್ಪ."

ಪಾಪ, ಹೆದರಿದ್ದಾನೆ, ಸಂಜೆ ನಗಿಸುತ್ತೇನೆ ಎಂದುಕೊಳ್ಳುತ್ತಾ ಅವಳು ಕೆಲಸಕ್ಕೆ ಕೂತಳು. ಬಿರಡೆಯ ಕಡೆಯಿಂದ ತಂತಿಗಳನ್ನು ಬಿಡಿಸಿ, ದೀಪದ ಕೆಳಗೆ ಹಿಡಿದಳು.

ತಂತಿ ಫಳಫಳ ಹೊಳೆಯುತ್ತಿತ್ತು.

ವಾರಗಟ್ಟಲೆ ನುಡಿಸಿದ ಉಪ್ಪುಗೈಯವನ ತಂತಿ ಹೊಳೆಯುವುದುಂಟೇ? ಅವಳು ಬಿರಡೆಯ ಕಡೆಯ ತುದಿಯನ್ನು ಬಿಳಿ ಬಟ್ಟೆಯಲ್ಲಿ ಎಳೆದು ನೋಡಿದಳು. ಕಪ್ಪಿಲ್ಲ. ಏನೋ ಜಿಡ್ಡು. ಮೂಸಿದಳು. ಹೂವಿನ ಪರಿಮಳದ ಕ್ರೀಮು, ಹೆಂಗಸರು ಕೈಗೆ ಹಚ್ಚಿಕೊಳ್ಳುವಂಥದ್ದು. ತಂತಿ ಹೊರಳಿಸಿ ಅಡಿಯ ಗುರುತು ನೋಡಿದಳು. ಎಲ್ಲವೂ ಕುತ್ತಿಗೆಯ ಮೊದಲ ಮನೆಗಳಲ್ಲೇ, ಒಂದರ ಮೇಲೊಂದು, ಅಡ್ಡಾದಿಡ್ಡಿ. ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚು ಒತ್ತು, ಕೆಲವು ಕಡೆ ಬೆರಳು ಜಾರಿದ ಗೀರು. ಗಿಟಾರ್ ಹಿಡಿಯಲಿಕ್ಕೇ ಬಾರದವರು, ಯಾರೋ ಪಕ್ಕದಲ್ಲಿ ಕೂತು ಹೇಳಿಕೊಡುವಾಗ ಒತ್ತುವ ಹಾಗೆ.

ಅವಳಿಗೆ ಅಷ್ಟು ಸಾಕಾಗಿತ್ತು. ಯಾವಳಿಗೋ ಕಲಿಸುತ್ತಿದ್ದಾನೆ. ತನ್ನ ಗಿಟಾರನ್ನು ಡ್ರಮ್ಮರಿಗೂ ಮುಟ್ಟಲು ಕೊಡದವನು ಯಾವಳಿಗೋ ತೊಡೆಯ ಮೇಲಿಟ್ಟು ಕೊಟ್ಟಿದ್ದಾನೆ. ಬರುವುದು ಕಡಿಮೆಯಾದದ್ದು, ದನಿಯಲ್ಲಿ ಜೀವವಿಲ್ಲದ್ದು, ಲೋಟ ಒಡೆದದ್ದು ಎಲ್ಲಕ್ಕೂ ಈಗ ಕಾರಣ ಸಿಕ್ಕಿತು. ಮತ್ತೆ ಅದೇ ಕಥೆ!

ಕಾಫಿಗೆಂದು ಒಳಗೆ ಬಂದ ಮಾಲೀಕರು ಅವಳ ಮುಖ ನೋಡಿ ಕೇಳಿದರು. ಹೇಳಿದಳು.

"ಬಾಯಿಬಿಟ್ಟು ಕೇಳಮ್ಮ ಮೊದಲು," ಎಂದರು.

"ಕೇಳಿದ್ರೆ ಇಲ್ಲ ಅಂತಾನೆ, ಮಾವ. ಇವರೆಲ್ಲ ಹಾಗೇ."

ಸಂಜೆ ಅವನು ಬಂದ. ಸ್ಟೂಲಿನ ತುದಿಯಲ್ಲಿ ಕೂತು, ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡು, ಅವಳನ್ನೇ ನೋಡಿದ. ಅಂಥ ನೋಟವನ್ನು ಅವಳು ಹಿಂದೆ ಕಂಡಿರಲಿಲ್ಲ. ಕಳ್ಳನ ನೋಟ ಎಂದುಕೊಂಡಳು.

"ತಂತಿ ನೋಡಿದ್ಯಾ?" ಎಂದ ಮೆಲ್ಲಗೆ.

"ನೋಡ್ದೆ."

"ಗೊತ್ತಾಯ್ತಾ?"

ಎಂಥ ಭಂಡತನ! ಅವಳಿಗೆ ನೆತ್ತಿಗೇರಿತು. "ಗೊತ್ತಾಗದೆ ಇರೋಕೆ ನಾನು ಕುರುಡಿ ಅಂದ್ಕೊಂಡ್ಯಾ? ಇದು ನಿನ್ನ ಕೈ ಅಲ್ಲ. ನಿನ್ನ ಕೈ ನನಗೆ ಗೊತ್ತು. ಇದ್ಯಾವುದೋ ಬರಗೆಟ್ಟ ಕೈ, ಎಲ್ಲಿ ಒತ್ತಬೇಕು ಅನ್ನೋದೂ ಗೊತ್ತಿಲ್ಲ."

ಅವನ ಮುಖದ ಬಣ್ಣ ಇಳಿಯಿತು. "ಅಷ್ಟು ಕೆಟ್ಟದಾಗಿದೆಯಾ?" ಎಂದ.

"ಅಸಹ್ಯವಾಗಿದೆ. ನೋಡೋಕೇ ಆಗಲ್ಲ. ಇಂಥದ್ದನ್ನ ನನ್ನ ಬೆಂಚಿಗೆ ತಂದು ಹಾಕೋಕೆ ಮನಸ್ಸಾದ್ರೂ ಹೆಂಗೆ ಬಂತು ನಿನಗೆ?"

"ನಿನ್ನ ಹತ್ರ ಅಲ್ದೆ..." ಎಂದು ಏನೋ ಹೇಳಲು ಹೊರಟವನು ನಿಲ್ಲಿಸಿಬಿಟ್ಟ.

"ಯಾರು ಅಂತ ನಾನು ಕೇಳಲ್ಲ. ತಗೊಂಡು ಹೋಗು. ಮದುವೆ ವಿಷಯಕ್ಕೆ ಉತ್ತರ ಬೇಕಿತ್ತಲ್ಲ? ಆಗಲ್ಲ. ಮುಗೀತು."

'ಯಾರು' ಎಂಬ ಮಾತು ಕೇಳಿ ಅವನು ಒಮ್ಮೆ ತಲೆಯೆತ್ತಿದ. ಅವಳು ಏನನ್ನು ತಪ್ಪು ತಿಳಿದಿದ್ದಾಳೆಂದು ಆ ಕ್ಷಣ ಅವನಿಗೆ ಅರ್ಥವಾಗಿರಬೇಕು. ಬಾಯಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಬಲಗೈಯೊಂದರಲ್ಲೇ ಒದ್ದಾಡಿ ಗಿಟಾರನ್ನು ಚೀಲಕ್ಕೆ ಸೇರಿಸಿ, ಜಿಪ್ಪನ್ನೂ ಹಾಕದೆ ಹೊರಟುಹೋದ. ತಂತಿಗಳು ಬೆಂಚಿನ ಮೇಲೇ ಉಳಿದವು. ಅವಳು ಅವನ್ನು ಸುತ್ತಿ ಗುಜರಿಯ ಡಬ್ಬಕ್ಕೆ ಎಸೆದಳು. ಆಮೇಲೆ ಹೊಸ ಬಟ್ಟೆಯ ಅಂಚಿನಲ್ಲೇ ಮುಖ ಒರೆಸಿಕೊಂಡು ಅತ್ತಳು.

ಚಳಿ ಬಂತು, ಹೋಯಿತು. ಬಿಸಿಲು ಕಾಯುವ ಕಾಲಕ್ಕೆ ಡ್ರಮ್ಮರ್ ಅಂಗಡಿಗೆ ಬಂದ. ಬೇಸ್ ಗಿಟಾರಿಗೆ ಹೊಸ ತಂತಿ ಬೇಕೆಂದ.

"ಉಪ್ಪುಗೈಗಾ?" ಎಂದು ಅವಳು ಉದಾಸೀನದಿಂದ ಕೇಳಿದಳು. ಉದಾಸೀನವಂತೆ! ಕಿವಿ ಎರಡೂ ನೆಟ್ಟಗಾಗಿದ್ದವು.

"ಅವನೆಲ್ಲಿ ನುಡಿಸ್ತಾನೆ ಇನ್ನು? ಇದು ಹೊಸ ಹುಡುಗಂಗೆ. ನಿನಗೆ ಗೊತ್ತಿಲ್ವಾ? ನಿನಗೇ ಮೊದಲು ಹೇಳ್ತೀನಿ ಅಂತ ಹೋಗಿದ್ನಲ್ಲ!"

"ಏನು ಹೇಳೋಕೆ?"

ಡ್ರಮ್ಮರ್ ಅವಳನ್ನು ವಿಚಿತ್ರವಾಗಿ ನೋಡಿದ. "ಎಡಗೈ ಹೋಯ್ತಲ್ಲಮ್ಮ. ಮೊಣಕೈಯಲ್ಲೂ ಮಣಿಕಟ್ಟಲ್ಲೂ ನರ ಒತ್ಕೊಂಡಿತ್ತು. ಬೆರಳಿಗೆ ಸ್ಪರ್ಶಾನೇ ಇರಲಿಲ್ಲ. ಬೆವರು ಕೂಡ ನಿಂತುಹೋಗಿತ್ತು, ಚರ್ಮ ಒಣಗಿ ಬಿರುಕು ಬಿಡ್ತಾ ಇತ್ತು. ಅವರಕ್ಕನ ಕ್ರೀಮು ಬಳ್ಕೊಂಡು ಬಂದು, ಮಗು ಥರ ಮೊದಲಿಂದ ಒಂದೊಂದೇ ಸ್ವರ ಒತ್ತಿ ಒತ್ತಿ ಕಲೀತಿದ್ದ. ನೋಡೋಕೆ ಆಗ್ತಿರಲಿಲ್ಲ."

ಡ್ರಮ್ಮರ್ ಹೋದ ಮೇಲೆ ಅವಳು ಗುಜರಿ ಡಬ್ಬವನ್ನು ನೆಲಕ್ಕೆ ಸುರಿದಳು. ಆ ತಂತಿಗಳು ಅಡಿಯಲ್ಲಿದ್ದವು. ದೀಪದ ಕೆಳಗೆ ಹಿಡಿದು, ಈ ಸಲ ಇನ್ನೊಂದು ತುದಿಯನ್ನು ನೋಡಿದಳು, ಬಲಗೈ ಮೀಟುವ ಕಡೆಯನ್ನು. ಅಲ್ಲಿ ಉಪ್ಪಿತ್ತು. ಕರ್ರಗೆ, ಹಸಿರುಗಟ್ಟಿ, ಎಂದಿನಂತೆ ತಂತಿಯನ್ನು ತಿಂದಿತ್ತು. ಎರಡೂ ಅವನದೇ ಕೈ.

ಅಲ್ಲ, ಜೀವಮಾನವೆಲ್ಲ ಅದೇ ಕೆಲಸ ಮಾಡಿದವಳಿಗೆ ತಂತಿಗೆ ಎರಡು ತುದಿ ಇರುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನಿಗೆ ಕಲಿಸಿದ್ದೂ ಅವಳೇ. ಅನುಮಾನಕ್ಕೆ ಬೇಕಾದಷ್ಟು ಅರ್ಧದಲ್ಲೇ ಸಿಕ್ಕಿದ್ದರಿಂದ ಇನ್ನರ್ಧ ನೋಡುವ ಗೋಜಿಗೇ ಹೋಗಲಿಲ್ಲ, ಅಷ್ಟೇ.

ಮಾವನಿಗೆ ಒಂದು ಮಾತೂ ಹೇಳದೆ ಅವನು ಇರುತ್ತಿದ್ದ ಅಕ್ಕನ ಮನೆಗೆ ಓಡಿದಳು.

ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಾ ಕೂತಿದ್ದ. ಅವಳನ್ನು ನೋಡಿ ಎದ್ದೇಳಲಿಲ್ಲ, ಸಿಟ್ಟೂ ಮಾಡಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅವಳಿಗೆ ಅದೇ ಹೆಚ್ಚು ನೋವಾಯಿತು. ಅವನ ಎಡಗಡೆ ಕೂತಳು.

"ಬೇರೆ ಯಾರೋ ಇದಾಳೆ ಅಂದ್ಕೊಂಡೆ," ಎಂದಳು.

"ಆವತ್ತೇ ಗೊತ್ತಾಯ್ತು ನನಗೆ."

"ಮತ್ತೆ ಯಾಕೆ ಹೇಳಲಿಲ್ಲ? ನಾಲಿಗೆ ಇರಲಿಲ್ವಾ ನಿನಗೆ?"

ಅವನು ಎದುರಿನ ರಸ್ತೆ ನೋಡುತ್ತಾ ಕೂತ. "ಬಾಯಲ್ಲಿ ಹೇಳೋಕೆ ಧೈರ್ಯ ಇರಲಿಲ್ಲ ಕಣೆ. ಅದಕ್ಕೇ ಬೆಳಗ್ಗೇನೇ ಗಿಟಾರ್ ಇಟ್ಟುಹೋದೆ. ತಂತಿ ನೋಡ್ತಾಳೆ, ಅವಳಿಗೇ ಗೊತ್ತಾಗುತ್ತೆ, ಸಂಜೆ ಹೋದಾಗ ಬೈತಾ ಬೈತಾ ಕೈ ಹಿಡ್ಕೋತಾಳೆ, ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ ಅಂತ ಅಂದ್ಕೊಂಡಿದ್ದೆ. ದಿನವಿಡೀ ಅದನ್ನೇ ಯೋಚಿಸ್ಕೊಂಡು ತಿರುಗಾಡಿದೆ. ಸಂಜೆ ಬಂದ್ರೆ, ಬರಗೆಟ್ಟ ಕೈ ಅಂದೆ, ಅಸಹ್ಯ ಅಂದೆ. ಬೇರೆಯವಳ ಮೇಲಿನ ಸಿಟ್ಟಿಗೆ ಅಂದಿದ್ದು, ಗೊತ್ತಿತ್ತು. ಆದ್ರೂ ನೀನು ನೋಡಿದ್ದು ನನ್ನ ಕೈಯನ್ನೇ ಅಲ್ವಾ? ಕೈ ನೋಡಿ ಬಂದ ಮಾತು ಸುಳ್ಳಾಗೋದು ಹೆಂಗೆ?"

"ಆಪರೇಷನ್?"

"ಮಾಡ್ಸೋಣ ಅಂದಿದ್ರು. ನಾನು ಹಠಕ್ಕೆ ಬಿದ್ದೆ. ಅಭ್ಯಾಸ ಮಾಡಿದ್ರೆ ಸರಿಹೋಗುತ್ತೆ, ಮತ್ತೆ ನನ್ನ ಕೈ ತಗೊಂಡೇ ಅವಳ ಬೆಂಚಿಗೆ ಹೋಗ್ತೀನಿ ಅಂತ ಚಳಿಗಾಲ ಪೂರ್ತಿ ಒತ್ತಿದೆ. ಇನ್ನೂ ಹಾಳಾಯ್ತು. ಈಗ ತಡ ಆಯ್ತು ಅಂತಾರೆ. ನಿನ್ನ ತಪ್ಪಲ್ಲ ಬಿಡು, ನನ್ನ ಹಠ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಕಣ್ಣೊರೆಸಿಕೊಂಡು, ಒಂದೇ ಉಸಿರಿಗೆ ಹೇಳಿದಳು: "ಆವತ್ತು ಬೆಳಗ್ಗೆ ನಾನು ಹೊಸ ಬಟ್ಟೆ ಹಾಕ್ಕೊಂಡು ಬಂದಿದ್ದೆ. ಹೂಂ ಅನ್ನೋಕೆ. ಈಗಲೂ ಅಂತೀನಿ. ಹೂಂ."

ಅವನು ನಕ್ಕ. ಕಣ್ಣು ಕಿರಿದಾಗಲಿಲ್ಲ, ಬರೀ ತುಟಿ.

"ಆವತ್ತು ಅಂದಿದ್ರೆ ನಿಮ್ಮಂಗಡಿ ಗಾಜು ಒಡೆಯೋ ಹಾಗೆ ಕುಣೀತಿದ್ದೆ. ಈಗ ಅಂದ್ರೆ ಅದರಲ್ಲಿ ಅಯ್ಯೋ ಪಾಪ ಅನ್ನೋದೇ ಜಾಸ್ತಿ ಕೇಳ್ಸುತ್ತೆ."

"ಇಲ್ಲ ಕಣೋ, ಪ್ರೀತಿ."

"ಇರಬಹುದು. ಯಾವುದೆಷ್ಟು ಅಂತ ಜೀವನಪೂರ್ತಿ ನಿನ್ನ ಮುಖ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ. ನೀನು ಒಂದ್ಸಲ ಅನುಮಾನ ಪಟ್ಟೆ. ನಾನು ದಿನಾ ಪಡ್ತೀನಿ."

ಅವನ ಎಡಗೈ ಅವರಿಬ್ಬರ ನಡುವೆ ಮೆಟ್ಟಿಲ ಮೇಲೆ ಬಿದ್ದಿತ್ತು. ಬೆರಳುಗಳು ಸಣ್ಣಗಾಗಿದ್ದವು, ಚರ್ಮ ಕಾಗದದಂತೆ ಒಣಗಿತ್ತು. ಅವಳಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಕೈ ಚಾಚಿ ಆ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು. ಅವನು ರಸ್ತೆಯ ಕಡೆ ನೋಡುತ್ತಲೇ ಇದ್ದ. ಕೈ ಎಳೆದುಕೊಳ್ಳಲಿಲ್ಲ. ಅವಳು ಒಂದು ಗಳಿಗೆ, ಒಪ್ಪಿಕೊಂಡುಬಿಟ್ಟ ಎಂದೇ ಅಂದುಕೊಂಡಳು.

"ಅಕ್ಕ ಕೆಲಸಕ್ಕೆ ಒಂದು ಕಡೆ ಹೇಳಿದಾಳೆ, ದೂರ," ಎಂದು ಅವನು ಅದೇ ದನಿಯಲ್ಲಿ ಮುಂದುವರಿಸಿದ. "ಸ್ಟುಡಿಯೋ. ಬೇರೆಯವರು ನುಡಿಸಿದ್ದನ್ನ ಕೇಳಿ ಸರಿಮಾಡೋದು. ಕಿವಿ ಇನ್ನೂ ನೆಟ್ಟಗಿದೆಯಲ್ಲ."

ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. ನೋಯುವಷ್ಟು ಬಿಗಿಯಾಗಿ. ಅವನು ರೈಲಿನ ಬಗ್ಗೆ, ಬಾಡಿಗೆ ಕೋಣೆಯ ಬಗ್ಗೆ ಹೇಳುತ್ತಲೇ ಹೋದ. ಕೊನೆಗೆ, "ನೀನು ಬಂದಿದ್ದು ಒಳ್ಳೇದಾಯ್ತು. ಹೊರಡು ಇನ್ನು, ಮಾವ ಕಾಯ್ತಾರೆ," ಎಂದ, ಇನ್ನೂ ರಸ್ತೆ ನೋಡುತ್ತಲೇ.

ಅವಳು ಒಂದೊಂದೇ ಬೆರಳನ್ನು ಬಿಡಿಸಿಕೊಂಡು, ಅವನ ಕೈಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಎದ್ದು ನಿಂತಳು. ಹಿಡಿದದ್ದೂ ಅವನಿಗೆ ತಿಳಿದಿರಲಿಲ್ಲ, ಬಿಟ್ಟದ್ದೂ ತಿಳಿಯಲಿಲ್ಲ.